ಎಲ್ಲಕ್ಕೂ ಆಗುವ ಕೋಲು

"ಯಾವ ಮೀನಿಗೆ?" ಎಂದ ಅಯಮುಟ್ಟಿ,
ಕೊಡೆ, ಗಮ್‌ಬೂಟು, ಆನೆ ಬೇಲಿಯ ತಂತಿಸುರುಳಿ
ತೂಗುವ ಗೋಣಿಕೊಪ್ಪದ ಅಂಗಡಿಯ ಒಳಕತ್ತಲಿಂದ.
ಮೊದಲು ಕೇಳಿದ್ದು ಅದಲ್ಲ. "ಯಾರಿಗೆ?" ಎಂದಿದ್ದ.
ನನಗೇ ಅಂದ ಮೇಲೆ ಸ್ಟೂಲು ಕೊಟ್ಟ.

ಯಾವ ಮೀನಿಗೆ, ಹೇಗೆ ಹೇಳಲಿ?
ಮಾಯಮುಡಿಯ ತೋಟದ ಕೆರೆಯಲ್ಲಿ ತಾವರೆ ಎಲೆಯಡಿ ಕೊರವ,
ಲಕ್ಷ್ಮಣತೀರ್ಥದ ಸೇತುವೆ ಕೆಳಗೆ
ಬೆಳ್ಳಗೆ ಮಗುಚಿ ಹೋಗುವ, ಹೆಸರು ಗೊತ್ತಿಲ್ಲದ ಇನ್ನೊಂದು,
ಗದ್ದೆ ತೋಡಿನಲ್ಲಿ ಅಂಗೈಯಗಲದ ಜಿಲೇಬಿ.
ವಾರಕ್ಕೆ ಭಾನುವಾರ ಒಂದೇ.
ಚೀಟಿ ಎತ್ತಿದ ದುಡ್ಡು ಹಲ್ಲಿನ ಡಾಕ್ಟರಿಗೆ ಹೋಗಿ
ಉಳಿದದ್ದು ಎರಡೂವರೆ ಸಾವಿರ.
"ಎಲ್ಲಕ್ಕೂ ಆಗುವಂಥದ್ದು ಕೊಡಿ" ಅಂದೆ.

ನಕ್ಕ. "ಎಲ್ಲಕ್ಕೂ ಆಗೋದು
ಯಾವುದಕ್ಕೂ ಪೂರ್ತಿ ಆಗಲ್ಲ ಸಿಸ್ಟರ್."
ನಾನು ಸಿಸ್ಟರ್ ಅಲ್ಲ, ಮಾತ್ರೆ ಎಣಿಸಿ ಕೊಡುವವಳು.
ಆದರೂ ಡಾಕ್ಟರಿಲ್ಲದ ದಿನ ಹೊಲಿಗೆ ಬಿಚ್ಚುತ್ತೇನೆ,
ಜನರೇಟರಿಗೆ ಡೀಸೆಲ್ ಸುರಿಯುತ್ತೇನೆ,
ನಾಯಿ ಕಚ್ಚಿದವರ ರಿಜಿಸ್ಟರು ಬರೆಯುತ್ತೇನೆ.
ಆ ಮಾತಿಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಮೂರು ಇಳಿಸಿದ.
ಒಂಬೈನೂರರದ್ದು ಒನಕೆ.
ಜಪಾನಿನದು ಕೈಗೆ ಕೊಟ್ಟರೂ ಕೊಟ್ಟಂತಿಲ್ಲ,
ಬೆಲೆ ಕೇಳಿದ ಮೇಲೆ ಭಾರ.
ನಡುವಿನದು ಕಪ್ಪು, ಹಿಡಿಯ ಬೆಂಡನ್ನು
ಒಂದು ಕಡೆ ಇಲಿ ರುಚಿ ನೋಡಿತ್ತು.

ಚೀಲದಿಂದ ಹತ್ತಿ ತೆಗೆದೆ.
ಒಂದೊಂದೇ ಉಂಗುರದೊಳಗೆ ಹಾಯಿಸಿದೆ.
ಕಣ್ಣಿಗೆ ಸಿಗದ ಬಿರುಕು ಹತ್ತಿಗೆ ಸಿಗುತ್ತದೆ;
ಆ ಬಿರುಕಿಗೆ ಉಜ್ಜಿ ಉಜ್ಜಿ ಸವೆದ ದಾರ
ಮೀನು ಕಚ್ಚಿದ ಹೊತ್ತಿಗೇ ಕಡಿಯುತ್ತದೆ.
ಜಪಾನಿನ ಮೂರನೇ ಉಂಗುರ ಒಂದೆಳೆ ಇಟ್ಟುಕೊಂಡಿತು.
ಕಪ್ಪನೆಯದು ಏನನ್ನೂ ಇಟ್ಟುಕೊಳ್ಳಲಿಲ್ಲ.

ತುದಿಯನ್ನು ಅಯಮುಟ್ಟಿಯ ಕೈಗಿತ್ತು "ಎಳೀರಿ" ಅಂದೆ.
ತುದಿ ಕೂಡಲೇ ಬಾಗಿತು,
ನಡು ಸ್ವಲ್ಪ ಯೋಚಿಸಿತು,
ಬುಡ ಅಲ್ಲಾಡಲಿಲ್ಲ.

ಆಂಬುಲೆನ್ಸಿನ ಚೋಮ ಮೊನ್ನೆ ಹೇಳಿದ್ದ
(ಅವನದು ಈಗಲೂ ಬಿದಿರೇ,
ಹೂಬಿಟ್ಟು ಸತ್ತ ಮೆಳೆಯ ಕೊನೆಯ ಕೋಲು):
"ಮೀನು ನೋಡಿ ಆರಿಸಬೇಡಿ ಮೇಡಂ,
ನೀವು ನಿಲ್ಲೋ ದಡ ನೋಡಿ.
ಮೇಲೆ ಕೊಂಬೆ ಎಷ್ಟು ತಗ್ಗು, ಹಿಂದೆ ಕಾಫಿ ಗಿಡ ಎಷ್ಟು ಹತ್ತಿರ,
ಕೈ ಬೀಸೋಕೆ ಎಷ್ಟು ಬಿಟ್ಟಿದ್ದಾರೆ ಅಂತ."
ನನಗೆ ಬಿಟ್ಟದ್ದು ಕಡಿಮೆ. ಏಳಡಿ ಬೇಡ, ಆರೂವರೆ ಸಾಕು.

"ಒಂದೇ ತುಂಡಿನದಾದರೆ ಗಟ್ಟಿ" ಅಂದ ಅಯಮುಟ್ಟಿ.
ಗಟ್ಟಿಯೇ. ಆದರೆ ಐದೂಕಾಲಿನ ಬಾಳೆಲೆ ಬಸ್ಸಲ್ಲಿ
ನಿಂತವರ ಕಂಕುಳ ನಡುವೆ ಆರೂವರೆ ಅಡಿ ಎಲ್ಲಿಡಲಿ?
ಕಪ್ಪನೆಯದು ನಡುವಲ್ಲಿ ಬಿಚ್ಚಿಕೊಂಡಿತು.
ಇಲಿಯ ಹೆಸರಲ್ಲಿ ನೂರೈವತ್ತು ಕಳೆದ.
ರೀಲು ಚೋಮನ ಮಗ ಕೊಟ್ಟಿರುವ ಹಳೆಯದು,
ದಾರಕ್ಕೆ ದುಡ್ಡು ಉಳಿಯಿತು.
ಕಂಡಕ್ಟರ್ ಮಾತ್ರ ಲಗೇಜೆಂದು ಹತ್ತು ರೂಪಾಯಿ ಕಿತ್ತ.

ರಾತ್ರಿ ಪಾಳಿ. ಆಸ್ಪತ್ರೆ ಅಂಗಳ.
ಕೊಕ್ಕೆಯ ಜಾಗಕ್ಕೆ ಸೈಕಲ್ಲಿನ ನಟ್ಟು ಕಟ್ಟಿ ಬೀಸಿದೆ.
ರೀಲು ನನಗಿಂತ ಮುಂದೆ ಓಡಿತು,
ದಾರವೆಲ್ಲ ಗುಬ್ಬಿಗೂಡು.
ಇಂಜೆಕ್ಷನ್ ಸೂಜಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದೆ.
ಎರಡನೆಯ ಸಲವೂ. ನಾಲ್ಕನೆಯ ಸಲವೂ.

ಹದಿನಾರು ವರ್ಷ ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆದ ಹೆಬ್ಬೆರಳು ಇದು.
ಒತ್ತುವುದು ಗೊತ್ತು.
ಒತ್ತಿಯೂ ಒತ್ತದಂತೆ
ಹೋಗುವುದನ್ನು ಹೋಗಲು ಬಿಡುವುದು
ಗೊತ್ತಿಲ್ಲ.

ಏಳನೆಯದು ಹೋಯಿತು.
ಶೆಡ್ಡು ದಾಟಿ, ನೀರಿನ ಟ್ಯಾಂಕಿನ ನೆರಳು ದಾಟಿ
ದಾಸವಾಳದೊಳಗೆ ಚಟ್ಟೆಂದಿತು.
ಎಳೆದರೆ ಬರಲಿಲ್ಲ.
ಹೆರಿಗೆ ವಾರ್ಡಿನ ಕಿಟಕಿಯಿಂದ ಬೊಳ್ಳವ್ವ,
ಬೆಳಗಿನೊಳಗೆ ಹೆರಬೇಕಾದವಳು,
ಸೊಂಟ ಹಿಡಿದು ಕೇಳಿದಳು: "ಏನು ಸಿಕ್ಕಿತು?"

"ದೊಡ್ಡದು" ಅಂದೆ.
ತುದಿ ಬಾಗಿಯೇ ಇತ್ತು.