ನಾಲ್ಕನೆಯ ತೋಳು

ಮೊದಲು ರೆಕ್ಕೆ ಕಳಚು ನಾಣಯ್ಯ,
ನಾಲ್ಕನ್ನೂ. ಹೋದ ವರ್ಷ ಒಬ್ಬ ಅವಸರಗಾರನಿಗೆ
ಅಮ್ಮತ್ತಿ ಆಸ್ಪತ್ರೆಯಲ್ಲಿ ಏಳು ಹೊಲಿಗೆ.

ಸಿದ್ದಾಪುರ ಪೇಟೆಯ ತುದಿಗೆ ಈ ಅಂಗಡಿ,
ಅಪ್ಪ ಪಂಪಿನ ಮೋಟಾರಿಗೆ ತಾಮ್ರ ಸುತ್ತಿದ ಬೆಂಚು.
ಈಗ ಅದರ ಮೇಲೆ ಆನೆ ಕಾಯುವವರ ಡ್ರೋನು,
ಅಂಗಾತ ಬಿದ್ದ ಏಡಿ.

ಹಳೆ ಜೀಪಿನ ಬಲ್ಬೊಂದನ್ನು
ಬ್ಯಾಟರಿಗೂ ಇದಕ್ಕೂ ನಡುವೆ ಕಾವಲಿಟ್ಟೆ.
ಒಳಗೆಲ್ಲೋ ತಂತಿಗೆ ತಂತಿ ತಾಗಿದ್ದರೆ
ಉರಿಯಲಿ ಬಲ್ಬು, ಇದು ಸುಡುವುದು ಬೇಡ.
ಮಿನುಗಿತು. ಆರಿತು. ಒಳ್ಳೇದು.

ಕೇಳು:
ಮೂರು ಸ್ವರ ಮೇಲಕ್ಕೆ, ಆಮೇಲೆ ಗಿಡ್ಡ ಒಂದು, ಉದ್ದ ಒಂದು.
ಉಗುರಗಲದ ಈ ಕಂಟ್ರೋಲರಿಗೆ ಗಂಟಲಿಲ್ಲ,
ಮೋಟಾರಿನ ಸುರುಳಿಯನ್ನೇ ನಡುಗಿಸಿ ಮಾತಾಡುತ್ತದೆ.

ಬಲ್ಬು ತೆಗೆದೆ. ಥ್ರಾಟಲ್ ತುದಿಗೇರಿಸಿ ಬ್ಯಾಟರಿ ಕೊಟ್ಟೆ,
ಬೀಪ್ ಬಂತು, ತಳಕ್ಕಿಳಿಸಿದೆ.
ಎಷ್ಟೆಂದರೆ ಪೂರ್ತಿ, ಎಷ್ಟೆಂದರೆ ಸೊನ್ನೆ,
ನಾಲ್ಕಕ್ಕೂ ಒಂದೇ ಸೇರಿನಲ್ಲಿ ಅಳೆದು ಹೇಳಿದ್ದಾಯಿತು.

ಮೂರು ತಿರುಗಿದವು.
ನಾಲ್ಕನೆಯದು
ಅತ್ತ ಅರೆಬೆರಳು, ಇತ್ತ ಅರೆಬೆರಳು,
ಚಳಿಜ್ವರ ಹಿಡಿದವರ ಹಾಗೆ.

ಮೋಟಾರು ಹೋಯ್ತಾ ಅಂದ ನಾಣಯ್ಯ.
ತಡಿ. ಚೆನ್ನಾಗಿ ತಿರುಗಿದ ಮೂರನೆಯದನ್ನು ಬಿಚ್ಚಿ
ಈ ತೋಳಿಗೆ ಬೆಸೆದೆ.
ಅದಕ್ಕೂ ಚಳಿ.
ಕಾಯಿಲೆ ಮೋಟಾರಿನ ಜೊತೆ ಹೋಗಲಿಲ್ಲ,
ಇಲ್ಲೇ ಕೂತಿದೆ.

ಮೂರು ತಂತಿಯಲ್ಲಿ ಎರಡು ಅದಲುಬದಲಾದರೆ
ಹಿಂದುಮುಂದಾಗಿ ತಿರುಗುತ್ತದೆ, ಅದು ಸಣ್ಣ ತಪ್ಪು.
ಒಂದು ಸುಮ್ಮನಾದರೆ
ಉಳಿದೆರಡಕ್ಕೆ ದಿಕ್ಕೇ ತಿಳಿಯದು.

ಭೂತಗನ್ನಡಿಯಡಿ ಸಿಕ್ಕಿತು:
ಹೊಳಪಿಲ್ಲದ ಬೂದು ಬೆಸುಗೆ, ಅನ್ನದಗುಳಷ್ಟು.
ಉಗುರು ತಾಗಿಸಿದೆ, ಅಲುಗಿತು.
ಹುತ್ತರಿಯ ಹಿಂದಿನ ಸಂಜೆ
ಕಾವಲಿ ಕಾಯುವ ಮೊದಲೇ ಹೊಯ್ದ ದೋಸೆಯಂತೆ
ಬಿಸಿ ಸಾಲದೆ ಕೂತ ತವರ.
ನನ್ನದೇ ಕೈ.

ಹೇಳಿದೆ.
ನಾಣಯ್ಯ ನನ್ನ ಹೆಬ್ಬೆರಳಿನ ಏಳು ಗೆರೆ ನೋಡಿದ,
ಏನೂ ಅನ್ನದೆ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ.

ಬೆಳಗಿನ ಐದಕ್ಕೆ, ಮಂಜು ತುಸು ಹರಿದಾಗ, ಏರಿಸಿದೆವು.
ಪರದೆಯಲ್ಲಿ ಕಪ್ಪು ತೋಟ, ಕೆರೆಯ ಪಕ್ಕ
ಬಿಸಿಯ ಬಿಳಿ ಗುಡ್ಡೆ ಐದು, ನಡುವೆ ಒಂದು ಪುಟ್ಟದು.
ಕಾಫಿ ಕುಯ್ಯುವವರ ಪಿಕಪ್ಪಿಗೆ ಫೋನು ಹೋಯಿತು:
ಪೊನ್ನಿ, ಗಾಡಿ ಅಲ್ಲೇ ನಿಲ್ಲಿಸಿ, ಇಳಿಯಬೇಡಿ.

ಅವನು ಆನೆ ನೋಡುತ್ತಿದ್ದ.
ನಾನು ಕತ್ತೆತ್ತಿ ನಿಂತಿದ್ದೆ,
ನಾಲ್ಕು ದನಿಯಲ್ಲಿ
ಆ ಒಂದನ್ನೇ ಕೇಳುತ್ತ.