ಗಡಸು

ಗೀಸರ್ ಬಿಚ್ಚಿ ದಸ್ತಗೀರ್ ಅಂಗೈಗಿಟ್ಟ
ಒಂದು ಹಿಡಿ ಬಿಳಿ ಚಕ್ಕೆ.
"ಮೂರು ವರ್ಷದ ಸ್ನಾನ ನೋಡಿ ಅಕ್ಕಾ,
ನಿಮ್ಮನ್ನೆಲ್ಲ ತೊಳೆದು ಇಲ್ಲಿ ಕೂತಿದೆ."

ಗಾಡಿಕೊಪ್ಪದ ಬೋರು, ಆರುನೂರು ಅಡಿ.
ಸೋಪು ನೊರೆಯಾಗದೆ ಮೊಸರಾಗುತ್ತದೆ.
ಷವರಿಗೆ ಅರ್ಧ ಕಣ್ಣು ಕುರುಡು.
ವಾಷಿಂಗ್ ಮಷೀನು ರಾತ್ರಿಯೆಲ್ಲ
ಗಂಟಲು ಕೆರೆದುಕೊಳ್ಳುತ್ತದೆ.
ಮೂರು ಮೈಲಿಯಾಚೆ ತುಂಗೆ
ಗಾದೆಯೊಳಗೆ ಸಿಹಿಯಾಗಿ ಹರಿಯುತ್ತಾಳೆ.

ಎಂಟು ನಿಂಬೆಹಣ್ಣು ಹಿಂಡಿಕೊಟ್ಟೆ.
ಕಾಯಿಲು ಮುಳುಗಿಸಿದ,
ಬುಸ್ಸೆಂದಿತು, ಬೈದ ಹಾಗೆ.

"ಈ ನೀರು ಮೆತ್ತಗಾದ ದಿನ
ನನ್ನ ಅಂಗಡಿಗೆ ಬೀಗ," ಅಂತ ನಕ್ಕ.

ಹೊರಡುವಾಗ ಬಾಯಾರಿತ್ತು ಅವನಿಗೆ.
ಲೋಟ ಬೆಳಕಿಗೆ ಹಿಡಿದು ಕೇಳಿದ:
"ಹೊಳೇದಾ, ಬೋರಿಂದಾ?"

ಸುಳ್ಳು ಹೇಳಬಹುದಿತ್ತು.
ಬೋರು, ಎಂದೆ.

"ಹಂಗಾದ್ರೆ ಅರ್ಧ ಸಾಕು."