ಹಗ್ಗ ಹಿಡಿಯುವವರು

ಮಂಗಳೂರಿನ ದಕ್ಕೆಯಲ್ಲಿ ಜಾಗ ಕಡಿಮೆ, ಬೋಟು ಹೆಚ್ಚು.
ಒಂದರ ಮೈಗೆ ಒಂದು, ಅದರ ಮೈಗೆ ಇನ್ನೊಂದು.
ಆರನೇ ಸಾಲಿನವನು ಐದು ಜನರ ಡೆಕ್ಕು ದಾಟಿ
ಬುಟ್ಟಿ ಹೊತ್ತು ದಡಕ್ಕೆ ಬರಬೇಕು.
ನಂಬರು ಕೊಟ್ಟದ್ದು ಬಂದರಿನ ಕಚೇರಿ,
ನೀಲಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ.
ಆದರೆ ಕತ್ತಲಲ್ಲಿ ಬಂದವನು ಎಸೆದ ಹಗ್ಗವನ್ನು
ಹಿಡಿಯುವುದು ಕಚೇರಿಯಲ್ಲ,
ಪಕ್ಕದ ಬೋಟಿನ ಒಂದು ಕೈ.

ಇದನ್ನು ನನಗೆ ಹೇಳಿದ್ದು ತಂಡೇಲ ರುಕ್ಮಯ್ಯ ಪುತ್ರನ್,
ನಮ್ಮ ಆಫೀಸಿನ ಮೆಟ್ಟಿಲಲ್ಲಿ ಕೂತು.
ಆಫೀಸು ಎಂದರೆ ಹಳೇ ಮಂಡಿಯ ಮಾಳಿಗೆ,
ಎರಡು ಕಪಾಟು, ಒಂದು ಏಸಿ, ಒಣಮೀನಿನ ವಾಸನೆ,
ಬೋಳಾರದಿಂದ ಉಳ್ಳಾಲದ ತನಕ ಎಳೆದ ತಂತಿ,
ಮತ್ತು ಐನೂರ ಹನ್ನೆರಡು ವಿಳಾಸ.
ಐನೂರ ಹನ್ನೆರಡೇ. ಇಂಟರ್ನೆಟ್ಟಿನ ಇಡೀ ರಾಶಿಯಲ್ಲಿ
ನಮ್ಮ ಪಾಲಿಗೆ ಬಂದ ಒಂದು ಕುಕ್ಕೆ ಬೂತಾಯಿ.

ಒಂದು ಬುಧವಾರ ಅವು ಕಾಣೆಯಾದವು.
ಕಾಣೆ ಎಂದರೆ, ಇದ್ದವು,
ಬೇರೆ ಯಾರದೋ ಮನೆಯಲ್ಲಿ.
ಹೆಸರು ಕೇಳದ ಊರಿನವನೊಬ್ಬ
ಇವು ನನ್ನವು ಎಂದು ಕೂಗಿದ್ದ;
ಲೋಕ ನಂಬಿತ್ತು.
ಪಾಂಡೇಶ್ವರದ ಲ್ಯಾಬಿನವರು ಫೋನಿನಲ್ಲಿ,
ಜೆಪ್ಪುವಿನ ಸಿಸ್ಟರ್ ಬೆನೆಡಿಕ್ಟಾ ಫೋನಿನಲ್ಲಿ:
"ಫಾರ್ಮು ತುಂಬಿಸ್ಲಿಕ್ಕೆ ಇವತ್ತೇ ಕೊನೆ,
ಮಕ್ಕಳಿಗೆ ಎಂತ ಹೇಳುದು?"

ನಂಬರು ಕೊಟ್ಟ ಕಚೇರಿಗೆ ಬರೆದೆ.
ಗಂಟೆಯೊಳಗೆ ಸಭ್ಯ ಉತ್ತರ:
ಪುಸ್ತಕದಲ್ಲಿ ಅವು ನಿಮ್ಮವೇ, ಸಂಶಯವಿಲ್ಲ.
ನಾವು ಪುಸ್ತಕ ಬರೆಯುವವರು.
ದಾರಿ ಕಾಯುವುದು ನಮ್ಮ ಕೆಲಸವಲ್ಲ.
ಹಾಗಾದರೆ ಯಾರದು?
ನಿಯಮ ಮಾಡಿದವರನ್ನು ಕೇಳಿ.
ಮಾಡಿದವರು ಯಾರು?
ನೀವೇ. ಸದಸ್ಯರು. ಸಭೆ.
ಸ್ಟೇಷನ್ನಿನ ರೈಟರ್ ಪೆನ್ನಿನ ಮುಚ್ಚಳ ತೆಗೆದು ಕೇಳಿದರು:
"ಕಳವಾದ ವಸ್ತುವಿನ ಬಣ್ಣ?"

ಕೊನೆಗೆ ಬಿಡಿಸಿದ್ದು ಕೊಚ್ಚಿಯ ಒಬ್ಬ ಅಪರಿಚಿತ,
ರಾತ್ರಿ ಎರಡಕ್ಕೆ, ಲುಂಗಿಯಲ್ಲಿ ಎಂದು ನನ್ನ ಊಹೆ:
"ಚೇಚಿ, ಆ ಸುಳ್ಳನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿದೆ.
ಉಳಿದವರಿಗೂ ಹೇಳಿದ್ದೇನೆ."
ಒಬ್ಬ, ಇನ್ನೊಬ್ಬ, ಏಳು ಜನ
ಆ ಹಗ್ಗ ಕೈಬಿಟ್ಟರು.
ಬೆಳಗಿನ ಬಾಂಗಿಗೆ ಮುಂಚೆ
ನಮ್ಮ ಬೂತಾಯಿ ನಮ್ಮ ಕುಕ್ಕೆಯಲ್ಲಿ.

ಎಷ್ಟು ಚಂದ, ಅಂದೆ ರುಕ್ಮಯ್ಯನವರಿಗೆ,
ಪೋಲೀಸಿಲ್ಲದೆ, ಕೋರ್ಟಿಲ್ಲದೆ.
ಅವರು ಬೀಡಿಯನ್ನು ಮೆಟ್ಟಿಲಿಗೆ ಒತ್ತಿ ಆರಿಸಿದರು.
"ಚಂದವೇ.
ಸಂಜೀವ ಮೆಂಡನ್‌ನ ಹಗ್ಗ
ಒಂದಿಡೀ ವರ್ಷ ಯಾರೂ ಹಿಡಿಯಲಿಲ್ಲ, ಗೊತ್ತುಂಟಾ?
ತಪ್ಪು ಎಂತದ್ದು ಅಂತ ಎಲ್ಲಿಯೂ ಬರೆದಿಲ್ಲ.
ನಾನೂ ಹಿಡಿಯಲಿಲ್ಲ."

ಆಮೇಲೆ ನೆನಪಾದದ್ದು ಹಿಂದಿನ ವರ್ಷದ ಸಭೆ.
ಪರದೆಯ ತುಂಬ ಚೌಕಗಳು, ನಾನೊಂದು ಚೌಕ.
ಕಾಗದಕ್ಕೆ ಉತ್ತರ ಕೊಡದವರ ನಂಬರು ಹಿಂದಕ್ಕೆ ಪಡೆಯತಕ್ಕದ್ದು,
ಆಕ್ಷೇಪ ಇದ್ದವರು ಹೇಳಿ, ಅಂದರು ಅಧ್ಯಕ್ಷರು.
ನನಗಿತ್ತು, ಚಿಕ್ಕದು.
ಆದರೆ ಮೈಕು ಮುಚ್ಚಿತ್ತು,
ಬೆರಳಿಗೆಲ್ಲ ಮೀನಿನ ಪೊರೆ,
ಒಲೆಯಲ್ಲಿ ಸಾರು ಉಕ್ಕುವುದರಲ್ಲಿತ್ತು.
ಹತ್ತು ಸೆಕೆಂಡು ಕಾದರು.
ಸರ್ವಸಮ್ಮತ ಎಂದು ಬರೆದುಕೊಂಡರು.

ಈ ಸಲ ಮಳೆ ಬಿಟ್ಟ ಮೇಲೆ
ಉಚ್ಚಿಲದ ಹಸನಬ್ಬ ಮಾಳಿಗೆ ಹತ್ತಿ ಬಂದರು,
ಎರಡು ಕಡೆ ನಿಂತು ಉಸಿರು ತೆಗೆದುಕೊಂಡು.
ನಾನ್ನೂರು ಮನೆಗೆ ತಂತಿ ಎಳೆದ ಮನುಷ್ಯ.
ಮೂರು ತಿಂಗಳು ದೇರಳಕಟ್ಟೆಯ ಆಸ್ಪತ್ರೆಯಲ್ಲಿ;
ಕಾಗದ ಯಾವುದೋ ಹಳೇ ಮೇಲ್ ಐಡಿಗೆ ಹೋಗಿ ಕೂತಿತ್ತು.
ವಿಳಾಸಗಳು ವಾಪಸು.
"ಕಚೇರಿಯ ಹುಡುಗಿ ಒಳ್ಳೆಯವಳು," ಅಂದರು,
"ಅವಳ ಕೈಯಲ್ಲಿ ಎಂತದೂ ಇಲ್ಲವಂತೆ, ನಿಯಮವಂತೆ.
ಅದನ್ನು ಮಾಡಿದವರು ಯಾರು ಅಂತ ಗೊತ್ತಾದರೆ
ಒಮ್ಮೆ ಅವರ ಹತ್ತಿರ ಮಾತಾಡ್ಬೇಕಿತ್ತು."

ಕೆಳಗೆ ಐಸ್ ಪುಡಿ ಮಾಡುವ ಯಂತ್ರ ಹಲ್ಲು ಕಡಿಯುತ್ತಿತ್ತು.
ಅದು ನಿಲ್ಲುವ ತನಕ ಕಾದೆ.
ಕುರ್ಚಿ ಎಳೆದು ಕೊಟ್ಟೆ.
ಕೂತ್ಕೊಳ್ಳಿ ಹಸನಬ್ಬಾಕ, ಅಂದೆ,
ಮಾತಾಡಿ.